ಗೊತ್ತಿದ್ದೂ ಸುಮ್ಮನಿದ್ದ ಸಾಹುಕಾರ

ಸುಳ್ಳು ಹೇಳುವುದು ತಪ್ಪು ಎಂದು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ನೋಡಿ, ಬೇರೆಯವರು ಸುಳ್ಳು ಹೇಳುವಾಗ ನಿಜ ಗೊತ್ತಿದ್ದವನು ಬಾಯಿ ಮುಚ್ಚಿಕೊಂಡು ನಿಂತರೆ ಅದಕ್ಕೆ ಏನೆನ್ನಬೇಕು? ಒಂದು ಊರಿನ ಮಾತು ಹೇಳುತ್ತೇನೆ, ಕೇಳಿ.

ಆ ಊರಲ್ಲಿ ಗುರುಸಿದ್ದಪ್ಪ ಎಂಬ ಸಾಹುಕಾರನಿದ್ದ. ಹೊಲಮನೆ ಬೇಕಾದಷ್ಟಿತ್ತು, ಊರಲ್ಲಿ ಅವನ ಮಾತು ನಡೆಯುತ್ತಿತ್ತು. ಒಬ್ಬರಿಗೆ ಕೆಟ್ಟದ್ದು ಮಾಡಿದವನಲ್ಲ, ಒಬ್ಬರ ಎದುರು ನಿಂತವನೂ ಅಲ್ಲ. ಎಲ್ಲರಿಗೂ ಬೇಕಾದವನು. ನಮ್ಮನಿಮ್ಮಂಥವನೇ ಅನ್ನಿ.

ಸುಗ್ಗಿ ಮುಗಿಯುವ ಹೊತ್ತಿಗೆ ಕಣದ ಪಕ್ಕದ ಬಯಲಿಗೆ, ಎಲ್ಲಿಂದಲೋ ಒಂದು ಕಮ್ಮಾರರ ಕುಟುಂಬ ಬಂದು ಗಾಡಿ ನಿಲ್ಲಿಸಿತು. ಗಂಡ, ಹೆಂಡತಿ, ಎದ್ದು ಓಡಾಡಲಾಗದ ಒಬ್ಬ ಮುದುಕಿ. ಗಾಡಿಯೇ ಅವರ ಮನೆ. ಗಂಡ ಇಕ್ಕಳದಲ್ಲಿ ಕಬ್ಬಿಣ ಹಿಡಿದರೆ ಹೆಂಡತಿ ಸುತ್ತಿಗೆ ಎತ್ತಿ ಬಡಿಯುತ್ತಿದ್ದಳು. ಕುಡಗೋಲು, ಕೊಡಲಿ, ಕುರ್ಪಿ ಎಂದು ಊರೆಲ್ಲ ಮಾಡಿಸಿಕೊಂಡಿತು. ಮಾಡಿಸಿಕೊಂಡದ್ದಾಯಿತು, ಆದರೆ ಅವರ ಹೆಸರೇನು ಎಂದು ಒಬ್ಬರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಕಣದ ಬಣವೆಗಳಿಗೆ ಬೆಂಕಿ ಬಿತ್ತು. ನಾಲ್ಕಾರು ಮನೆಗಳ ದನಗಳಿಗೆ ಬೇಸಿಗೆಯಿಡೀ ಆಗಬೇಕಾಗಿದ್ದ ಮೇವು ಕಣ್ಣೆದುರೇ ಉರಿದುಹೋಯಿತು. ಯಾರು ಹಚ್ಚಿದರು? ಸಾಹುಕಾರನ ತಮ್ಮ ಮುರಿಗೆಪ್ಪ ಎಲ್ಲರಿಗಿಂತ ಮೊದಲು ಗಾಡಿಯ ಕಡೆ ಕೈ ತೋರಿಸಿದ.

"ಮತ್ಯಾರು? ದಿನಾ ಬೆಂಕಿ ಹಚ್ಚಕೊಂಡ ಕುಂದರಾವ್ರು ಅವರ. ನಿನ್ನಿ ಎತ್ತಿಗೆ ಮೇವು ಕೇಳಾಕ ಬಂದಿದ್ರು, ನಾ ಕೊಡಾಂಗಿಲ್ಲ ಅಂದೆ. ಆ ಸಿಟ್ಟಿಗೆ ಹಚ್ಯಾರ!"

ಅಷ್ಟೇ ಸಾಕಾಯಿತು. ಕಣ್ಣಾರೆ ಕಂಡವರು ಯಾರು ಎಂದು ಯಾರೂ ಕೇಳಲಿಲ್ಲ. ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಜನ ಗಾಡಿಯ ಸುತ್ತ ಸೇರತೊಡಗಿದರು.

ಗದ್ದಲ ಕೇಳಿ ಗುರುಸಿದ್ದಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟಿದ್ದ. ಅವನ ಹೆಂಡತಿ ಕಾಶವ್ವ ತೋಳು ಹಿಡಿದು ಅಡಿಗೆಮನೆಗೆ ಕರೆದೊಯ್ದಳು.

"ಸಂಡಿಗಿ ಹಾಕಾಕ ಮಾಳಗಿ ಮ್ಯಾಲ ಹೋಗಿದ್ನಿರಿ. ನಿಮ್ಮ ತಮ್ಮ ಬಣವಿ ನೆಳ್ಳಾಗ ಕುಂತು ಬೀಡಿ ಸೇದಾಕತ್ತಿದ್ದ. ಆಂವ ಎದ್ದು ಹೋದಮ್ಯಾಲ ಅಲ್ಲಿಂದನ ಹೊಗಿ ಎದ್ದಿತು. ಆ ಕಮ್ಮಾರರು ಕೆಲಸ ಬಿಟ್ಟು ಉಣ್ಣಾಕ ಕುಂತಿದ್ರು."

"ಸರಿಯಾಗಿ ನೋಡೀಯೇನು?"

"ದೇವರಾಣಿ."

ಗುರುಸಿದ್ದಪ್ಪ ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದ. "ಈ ಮಾತು ಇಲ್ಲೇ ಇರಲಿ. ಮನಿ ಮರ್ಯಾದಿ ಹೋಗತೈತಿ. ಅವರಿಗೇನು, ಇವತ್ತಿಲ್ಲ ನಾಳೆ ಗಾಡಿ ಕಟ್ಟಾವ್ರು."

"ಕಟ್ಟಾಕ ಬಿಟ್ರ ಅಲ್ಲರಿ?" ಎಂದಳು ಕಾಶವ್ವ.

ಅವನು ಬಾಗಿಲು ತೆಗೆದು ಕಣದ ಕಡೆ ನಡೆದ. ಏನು ಉತ್ತರ ಕೊಟ್ಟಾನು? ನೀವಾಗಿದ್ದರೆ ಏನು ಕೊಡುತ್ತಿದ್ದಿರಿ?

ಅವನು ಬಂದಾಗ ಜನ ದಾರಿ ಬಿಟ್ಟರು. ಕಮ್ಮಾರ ಕೈಮುಗಿದು, ಬಾರದ ಕನ್ನಡದಲ್ಲಿ "ನಾವು ಅಲ್ಲ ಮಾಲಕ, ನಾವು ಅಲ್ಲ" ಎನ್ನುತ್ತಿದ್ದ. ಮುರಿಗೆಪ್ಪ ಅವರ ಕುಲುಮೆಯ ತಿದಿಯನ್ನು ಕಾಲಿನಿಂದ ಒದ್ದು ಹರಿದ. ಯಾರೋ ಕೂಗಿದರು: "ಸಾಹುಕಾರ್ರು ಬಂದ್ರು, ಅವರ ಹೇಳ್ಲಿ!"

ಎಲ್ಲ ಮುಖಗಳೂ ಅವನ ಕಡೆ ತಿರುಗಿದವು. ಒಂದು ಮಾತು. ಒಂದೇ ಒಂದು ಮಾತು ಸಾಕಿತ್ತು. ಗುರುಸಿದ್ದಪ್ಪ ಒಮ್ಮೆ ತಮ್ಮನ ಕಡೆ ನೋಡಿದ. "ಪೊಲೀಸ್ರಿಗೆ ತಿಳಸೂಣು... ಈಗ ಸ್ವಲ್ಪ ಸಮಾಧಾನ ಮಾಡ್ಕೋರಿ" ಎಂದ. ಹೇಳಿದ್ದು ಸುಳ್ಳಲ್ಲ, ನಿಜವೂ ಅಲ್ಲ. ಜಾಣರು ಹೀಗೆಯೇ ಮಾತಾಡುತ್ತಾರೆ, ಅಲ್ಲವೆ?

ಆಗ ಒಂದು ಕಲ್ಲು ಬಂತು. ಕಮ್ಮಾರನ ಹೆಂಡತಿಯ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಆದರೂ ಅವಳು ಗಾಡಿಯ ಗಾಲಿ ಬಿಡಲಿಲ್ಲ. ಒಳಗೆ ಅತ್ತೆ ಮಲಗಿದ್ದಳು. ಅಷ್ಟರಲ್ಲಿ ಮುರಿಗೆಪ್ಪ ಕಣದಿಂದ ಉರಿಯುವ ಮೇವಿನ ಸೂಡಿಯೊಂದನ್ನು ಎತ್ತಿಕೊಂಡು ಗಾಡಿಯತ್ತ ನಡೆದ. ಗಾಡಿಯ ತಟ್ಟಿಯ ಸಂದಿನಿಂದ ಮುದುಕಿಯ ಕೈಯೊಂದು ಹೊರಬಂದು ಗಾಳಿಯಲ್ಲಿ ತಡಕಾಡುತ್ತಿತ್ತು.

ಆ ಕೈ ಕಂಡದ್ದೇ ಗುರುಸಿದ್ದಪ್ಪ ಓಡಿಹೋಗಿ ತಮ್ಮನ ಮಣಿಕಟ್ಟು ಹಿಡಿದ.

"ಕೆಳಗ ಒಗಿ, ಮುರಿಗ್ಯಾ."

"ಬಿಡಣ್ಣಾ!"

"ಒಗಿ ಅಂದ್ನೆಲ್ಲಾ! ಬಣವಿ ಸುಟ್ಟದ್ದು ನಿನ್ನ ಬೀಡಿ. ಇವರಲ್ಲ!"

ಜನ ಗಕ್ಕನೆ ನಿಂತರು. ಮುರಿಗೆಪ್ಪನ ಕೈಯಿಂದ ಸೂಡಿ ಕೆಳಗೆ ಬಿತ್ತು. "ಎಲ್ಲಿಂದಲೋ ಬಂದವರ ಸಲುವಾಗಿ ಒಡಹುಟ್ಟಿದಾಂವಗ ಕಳಂಕ ಹಚ್ಚತೀಯೇನು? ನೀ ನೋಡೀಯಾ?"

"ನಾ ನೋಡೇನಿ" ಎಂದು ಗುಂಪಿನ ಹಿಂದಿನಿಂದ ಒಂದು ದನಿ. ನಾಲ್ಕು ಜನರ ಮುಂದೆ ಎಂದೂ ಬಾಯಿ ತೆರೆಯದ ಕಾಶವ್ವ ಬಂದು ಆ ರಕ್ತದ ಮುಖದ ಹೆಣ್ಣುಮಗಳ ಪಕ್ಕ ನಿಂತಳು. ಕಂಡದ್ದನ್ನು ಕಂಡ ಹಾಗೆ ಹೇಳಿದಳು.

ಗುರುಸಿದ್ದಪ್ಪ ತಲೆ ತಗ್ಗಿಸಿದ. "ಮನ್ಯಾಗ ಇರೂವಾಗನ ನನಗ ಗೊತ್ತಿತ್ತು. ಬಾಯಿ ಮುಚ್ಚಕೊಂಡು ಬಂದೆ. ಗಾಡಿ ಸುಡೂದಾದ್ರ ಮೊದಲ ನನ್ನ ಮನಿಗೆ ಹಚ್ರಿ."

ಒಬ್ಬ ಕಲ್ಲು ಕೆಳಗೆ ಹಾಕಿದ, ಇನ್ನೊಬ್ಬ ಬಡಿಗೆಯನ್ನು ಬೆನ್ನ ಹಿಂದೆ ಮಾಡಿಕೊಂಡ. ಒಬ್ಬೊಬ್ಬರಾಗಿ ಜಾರಿಕೊಂಡರು. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಸುಟ್ಟ ಮೇವಿಗೆ ಸಾಹುಕಾರ ತನ್ನ ಹೊಲದ ಬಣವೆ ಬಿಚ್ಚಿಕೊಟ್ಟ. ಮುರಿಗೆಪ್ಪ ಅಣ್ಣನ ಸಂಗಡ ಮಾತು ಬಿಟ್ಟ, ಬೇರೆ ಒಲೆ ಹೂಡಿದ. ನಿಜ ಹೇಳಿದವನಿಗೆ ಹಾರ ಹಾಕುತ್ತಾರೆಂದು ತಿಳಿಯಬೇಡಿ.

ಕಮ್ಮಾರ ಅಂದೇ ಎತ್ತು ಹೂಡಿದ. "ಇರ್ರಿ, ಇನ್ನ ನಿಮ್ಮನ್ನ ಯಾರೂ ಮುಟ್ಟಾಂಗಿಲ್ಲ" ಎಂದ ಗುರುಸಿದ್ದಪ್ಪ. ಕಮ್ಮಾರ ಹಗ್ಗ ಬಿಗಿಯುತ್ತಲೇ ಹೇಳಿದ: "ನೀನು ಒಳ್ಳೆ ಮನುಷ್ಯ, ಮಾಲಕ. ಆದರೆ ಕಲ್ಲು ಬೀಳೋ ತನಕ ನೀನೂ ಸುಮ್ಮನೆ ಇದ್ದಿ."

ಗಾಡಿ ಹೋಯಿತು.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಓಣಿಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ಬೇರೆ ಭಾಷೆಯ ಜನರಿಲ್ಲವೆ? ಸೈಕಲ್ ಮೇಲೆ ಚಾದರ ಮಾರುವವನು ಬರುವುದಿಲ್ಲವೆ? ಊರಲ್ಲಿ ಏನು ಕಳೆದರೂ ಮೊದಲು ಯಾರ ಚೀಲ ಬಿಚ್ಚಿಸುತ್ತೀರಿ? 'ಮಕ್ಕಳ ಕಳ್ಳರು ಬಂದಿದ್ದಾರೆ' ಎಂದು ಮೊಬೈಲಿಗೆ ಬಂದದ್ದನ್ನು ಹಿಂದೆಮುಂದೆ ನೋಡದೆ ಎಷ್ಟು ಜನಕ್ಕೆ ಕಳಿಸಿದ್ದೀರಿ? ಕಲ್ಲು ಒಗೆದವನು ನಾನಲ್ಲ ಎನ್ನಬೇಡಿ, ತಾಯಂದಿರೇ, ಅಣ್ಣಂದಿರೇ. ಪಕ್ಕದಲ್ಲಿ ನಿಂತವರು ಯಾರು?

ದೊಡ್ಡ ಸಾಹಸವೇನೂ ಬೇಡ. ನಾಳೆ ಚಹದಂಗಡಿಯಲ್ಲಿ ಯಾರಾದರೂ ಹೊರಗಿನವರ ಮೇಲೆ ಮಾತೆತ್ತಿದರೆ, ಕೈಯಲ್ಲಿದ್ದ ಕಪ್ಪು ಕೆಳಗಿಟ್ಟು ಕೇಳಿ: "ನೀ ಕಣ್ಣಾರೆ ನೋಡೀಯೇನು?" ನಿಮ್ಮ ಅಣ್ಣನಿರಲಿ, ಬೀಗನಿರಲಿ, ಕೇಳಿ. ಇಷ್ಟನ್ನೂ ಕೇಳಲಾರೆವು ಅಂದರೆ, ಇಲ್ಲಿ ಪ್ರವಚನಕ್ಕೆ ಬಂದು ಕೈಮುಗಿದು ಕೂತದ್ದಾದರೂ ಯಾತಕ್ಕೆ?