ಬಾವಿ ಹತ್ತಿರದ ಪಹರೆ

ಬಾಗಿಲ ಹಿಂದೆ ಅಡ್ಡ ಹಾಕುತ್ತಿದ್ದೆವಲ್ಲ, ಮರದ್ದು... ಅದಕ್ಕೊಂದು ಮಾತಿತ್ತು. ಅಗ... ಅಗ... ಅಲ್ಲ. ನಾಲಿಗೆ ತುದಿಗೆ ಬಂದು ಜಾರಿಹೋಗುತ್ತೆ. ಈ ಊರಿನ ಬಾಗಿಲುಗಳಿಗೆ ಅದಿಲ್ಲ, ಹೇಳುವ ಪ್ರಮೇಯವೂ ಬರಲಿಲ್ಲ. ಇರಲಿ, ಕತೆ ಮುಗಿಯುವುದರೊಳಗೆ ನೆನಪಾದೀತು. ಆ ಮಾತು ಗೊತ್ತಿದ್ದಕ್ಕೇ ನಮ್ಮ ದೊಡ್ಡಮ್ಮನ ಮಗಳು ಆ ರಾತ್ರಿ ಮನೆ ಸೇರಿದ್ದು.

ಅಕ್ಕನಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ. ಕೊನೆಯ ಚಾದರ ಮಡಚಿಟ್ಟು ಹೊರಟಾಗ ಹನ್ನೊಂದೂವರೆ. ಚೀಲದಲ್ಲಿ ದೊಡ್ಡಮ್ಮನ ಉಬ್ಬಸದ ಔಷಧಿ. ಮನೆಯಲ್ಲಿದ್ದ ಸೀಸೆ ಬೆಳಿಗ್ಗೆಯೇ ಖಾಲಿಯಾಗಿತ್ತು.

ಓಣಿಗೆ ಒಂದೇ ದಾರಿ. ಈ ಕಡೆ ಗೋಡೆ, ಆ ಕಡೆ ಬಾವಿ. ಬಾವಿ ಪಕ್ಕದಲ್ಲೇ 'ಯಾರದು ತಾತ'ನ ಮನೆ. ಬೀಗ ಬಿದ್ದಿತ್ತು. ತಾತ ತೀರಿಕೊಂಡು ಒಂಬತ್ತು ದಿನ.

ಸೈನ್ಯದಲ್ಲಿ ಇಪ್ಪತ್ತೆರಡು ವರ್ಷ ಇದ್ದವರು. ಊರಿಗೆ ಬಂದ ಮೇಲೂ ಸಂಜೆಯಾದರೆ ಮನೆ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು, "ಯಾರದು? ಮಾತು ಹೇಳು" ಅಂತ ಎಲ್ಲರನ್ನೂ ನಿಲ್ಲಿಸುವರು. ದಿನಕ್ಕೊಂದು ಗುಟ್ಟಿನ ಮಾತು. ಬೆಳಿಗ್ಗೆ ಹಾಲಿನವಳ ಕಿವಿಯಲ್ಲಿ ಉಸುರಿದರೆ ಸಾಕು, ಮಧ್ಯಾಹ್ನಕ್ಕೆ ಓಣಿಗೆಲ್ಲ ಗೊತ್ತು.

"ತಾತ, ನಿಮ್ಮ ಗುಟ್ಟು ರಟ್ಟಾಯ್ತಲ್ಲ."

"ರಟ್ಟಾಗಲಿ ಅಂತಲೇ ಅವಳಿಗೆ ಹೇಳೋದು."

ಯಾಕೆ ಅಂತ ಅಕ್ಕನಿಗೆ ಮಾತ್ರ ಹೇಳಿದ್ದರು. ಯುದ್ಧದಲ್ಲಿ ಒಂದು ರಾತ್ರಿ ಸೇತುವೆ ಕಾಯುತ್ತಿದ್ದಾಗ, ನೀರು ತರಲು ಹೋದ ಗೆಳೆಯ ಕತ್ತಲಲ್ಲಿ ಹಿಂತಿರುಗಿದ. ಮಾತು ಮರೆತಿದ್ದ. ತಾತ ಮೂರು ಸಲ ಕೇಳಿದರು. ಆಮೇಲೆ ಗುಂಡು ಹಾರಿಸಿದರು.

ಸಾಯುವ ದಿನ, ನೀರು ಕುಡಿಸಲು ಬಗ್ಗಿದ ಅಕ್ಕನ ಕಿವಿಯಲ್ಲಿ ಆ ದಿನದ ಗುಟ್ಟಿನ ಮಾತು ಹೇಳಿ ಕಣ್ಣು ಮುಚ್ಚಿದ್ದರು.

ಅಕ್ಕ ಬಾವಿ ಹತ್ತಿರ ಬಂದಳು. ರಾಟೆ ಕಿರ್ರ್ ಅಂತು. ಗಾಳಿ ಇರಲಿಲ್ಲ...

"ಯಾರದು?"

ಅದೇ ದನಿ.

"ತಾತ... ನಾನು."

"ಮಾತು ಹೇಳು."

ಮುಂದೆ ಒಂದು ಹೆಜ್ಜೆ ಇಟ್ಟಳು. ಕಟಕ್. ಬಂದೂಕಿನ ಸದ್ದು ಕೇಳಿದವಳಲ್ಲ, ಆದರೂ ಗೊತ್ತಾಯಿತು. ಹಿಂದೆ ಒಂದು ಹೆಜ್ಜೆ. ಮತ್ತೆ ಕಟಕ್. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಓಣಿಯ ಕೊನೆಯಿಂದ ದೊಡ್ಡಮ್ಮನ ಎದೆ ಎಳೆಯುವುದು ಕೇಳಿಸುತ್ತಿದೆ... ಸುಂಯ್... ಸುಂಯ್...

"ಮಾತು ಹೇಳು." ಎರಡನೇ ಸಲ.

ಹೆದರಿಕೆಗೆ ತಲೆಯೆಲ್ಲ ಖಾಲಿ. ಆಗ ಅವಳ ಪಕ್ಕದಲ್ಲೇ ಯಾರೋ ಉಸಿರಾಡಿದರು. ನೀರು ತೊಟ್ಟಿಕ್ಕಿತು. ತೊಟ್... ತೊಟ್... ಎಳೆಯ ಗಂಡುದನಿ, ಪಿಸುಗುಟ್ಟಿತು.

"ಅಕ್ಕಾ, ನಿಮಗೆ ನೆನಪಿದೆಯಾ? ನನಗೆ ಮರೆತೇಹೋಯ್ತು."

ಅಕ್ಕ ತಿರುಗಲಿಲ್ಲ. ಯಾರು ಅಂತ ಕೇಳಬೇಕಾಗಿಯೂ ಇರಲಿಲ್ಲ. ತಾತನ ಒಣಗಿದ ತುಟಿ ಕಿವಿಗೆ ತಾಗಿದ್ದು ನೆನಪಾಯಿತು. ಅದರ ಹಿಂದೆಯೇ ಮಾತೂ ಬಂತು. ಹೇಳಿದಳು.



"ಎಷ್ಟು ಜನ?"

ಒಬ್ಬಳೇ ಅಂದಿದ್ದರೆ ಅವಳ ಪಾಡಿಗೆ ಅವಳು ಹೋಗಬಹುದಿತ್ತು. ಪಕ್ಕದ ಉಸಿರು ನಿಂತೇಹೋಗಿತ್ತು.

"ಇಬ್ಬರು, ತಾತ."

"...ಹೋಗಿ."

ಔಷಧಿ ಹೊತ್ತಿಗೆ ಸರಿಯಾಗಿ ಮುಟ್ಟಿತು. ದೊಡ್ಡಮ್ಮ ಆಮೇಲೆ ಹನ್ನೊಂದು ವರ್ಷ ಬದುಕಿ, ನಮ್ಮನ್ನೆಲ್ಲ ಚೆನ್ನಾಗಿ ಬೈದೇ ಹೋದರು.

ಮರುದಿನ ಬೆಳಿಗ್ಗೆ ಅಕ್ಕನ ಜೊತೆ ನಾನೂ ಹೋದೆ. ಬೀಗ ಹಾಗೇ ಇತ್ತು. ಕಲ್ಲುಬೆಂಚಿನ ತುಂಬ ಇಬ್ಬನಿ. ಎರಡು ಕಡೆ ಮಾತ್ರ ಒಣಗಿತ್ತು, ಪಕ್ಕಪಕ್ಕದಲ್ಲಿ. ಕೈಯಿಟ್ಟು ನೋಡಿದವಳು ನಾನು. ಬೇರೆಯವರು ಹೇಳಿದ್ದಲ್ಲ.

ಹಾಂ... ಅಗುಳಿ. ಅಗುಳಿ ಅಂತ ಕಣೋ. ಬರೆದುಕೋ ಮಗಾ, ನಾನು ಮತ್ತೆ ಮರೆಯುವುದರೊಳಗೆ.