‘ನೀವು’ ಅಂದರೆ ಎಷ್ಟು ಜನ?

ನಗೋರು ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ಯಾರಾದರೂ ಕಿಸಕ್ ಅಂದರೆ ನಾನು ಎದ್ದು ಹೋಗ್ತೀನಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ಅಕ್ಕ ಅಕ್ಕ ಅಂತಿರ್ತೀನಲ್ಲ, ಅವಳಿಗೇ.

ಅವತ್ತು ಅಕ್ಕ ಕೆಲಸದಿಂದ ಹೊರಟಾಗ ರಾತ್ರಿ ಹತ್ತು ದಾಟಿತ್ತು. ದಾರಿಯಲ್ಲಿ ಒಂದು ಪಾಳುಬಾವಿ ಇದೆ. ನೀರಿಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದಾರೆ. ಬೀದಿದೀಪ ಅಲ್ಲಿಗೆ ಸರಿಯಾಗಿ ಮುಟ್ಟಲ್ಲ. ಅಕ್ಕ ಖುಷಿಯಲ್ಲಿದ್ದಳು. ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಬರೆದದ್ದನ್ನ ಬಾಯಿಪಾಠ ಮಾಡ್ತಾ ನಡೀತಿದ್ದಳು. ‘ಬುಧವಾರ ಬೆಳಿಗ್ಗೆ ಆರರ ಬಸ್ಸು... ಗುರುವಾರ ಜಲಪಾತ, ಮೊದಲು ಮೇಲಿನ ಕಟ್ಟೆ, ಆಮೇಲೆ ಕೆಳಗಿನ ಮೆಟ್ಟಿಲು... ಸಂಜೆ ತೂಗುಸೇತುವೆ... ಶುಕ್ರವಾರ ಗುಹೆ, ದೋಣಿ... ನಾನೊಬ್ಬಳೇ.’

ಕ್ಳಕ್...

ಹಿಂದಿನಿಂದ. ಬಾವಿ ಕಡೆಯಿಂದ.

ಅಕ್ಕ ನಿಂತಳು. ಜಾಲರಿ ಇರಬೇಕು ಅಂದುಕೊಂಡಳು. ಆದರೆ ಕಬ್ಬಿಣದ ಸದ್ದು ಹಾಗಿರಲ್ಲ. ಅದು ಒದ್ದೆ ಸದ್ದು. ಬಾಯೊಳಗಿನ ಸದ್ದು. ಅದು ಯಾವ ಸದ್ದು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಯಾಕೆ ಅಂತ ಹೇಳ್ತೀನಿ.

ಅಕ್ಕ ಇರೋದು ಹಲ್ಲಿನ ಸೆಟ್ ಮಾಡೋ ಲ್ಯಾಬಿನಲ್ಲಿ. ಡಾಕ್ಟರು ಬಾಯಿ ಅಚ್ಚು ತೆಗೆದು ಕಳಿಸ್ತಾರೆ. ಇವಳು ಮೇಣದಲ್ಲಿ ವಸಡು ಕಟ್ಟಿ ಒಂದೊಂದೇ ಹಲ್ಲು ಕೂರಿಸ್ತಾಳೆ. ಊರಿನ ಅರ್ಧ ಮುದುಕರು ನಗೋದು ಅಕ್ಕನ ಕೈಯ ಹಲ್ಲಲ್ಲಿ. ಅವಳು ಮಾತ್ರ ತನ್ನ ಸ್ವಂತ ಹಲ್ಲು ಕಡೀತಾ ಮೂವತ್ತೆಂಟು ವರ್ಷ ಕಳೆದಳು. ಕಾರಣ ದೊಡ್ಡಪ್ಪ. ಸತ್ತವರ ಬಗ್ಗೆ ಹೀಗೆ ಮಾತಾಡಬಾರದು ಅಂತ ಯಾರೂ ನನಗೆ ಬುದ್ಧಿ ಹೇಳಬೇಡಿ, ಹೊಟ್ಟೆ ಉರಿಯುತ್ತೆ.

ಆ ಮನುಷ್ಯ ಮಗಳನ್ನ ಒಂದೇ ಒಂದು ದಿನ ಒಬ್ಬಳನ್ನೇ ಎಲ್ಲಿಗೂ ಬಿಡಲಿಲ್ಲ. ಸ್ಕೂಲಿಗೆ ಜೊತೆ. ಕಾಲೇಜಿಗೆ ಜೊತೆ. ಕೆಲಸಕ್ಕೆ ಸೇರಿದ ಮೇಲೂ ಸಂಜೆ ಆರಕ್ಕೆ ಲ್ಯಾಬಿನ ಎದುರು ಸೈಕಲ್ ಅಂಗಡಿ ಮುಂದೆ ಹಾಜರು. ಒಬ್ಬ ಒಳ್ಳೆ ಹುಡುಗ ಇವಳನ್ನ ಮೆಚ್ಚಿ ಮನೆಗೆ ಮಾತಾಡೋಕೆ ಬಂದ. ದೊಡ್ಡಪ್ಪ ಇಬ್ಬರ ಮಧ್ಯೆ ಕುರ್ಚಿ ಹಾಕ್ಕೊಂಡು ಕೂತರು. ಆ ಹುಡುಗ ಕುರ್ಚಿಗೇ ನಮಸ್ಕಾರ ಹೇಳಿ ಎದ್ದು ಹೋದ.

ದೊಡ್ಡಪ್ಪನ ಮೇಲಿನ ಹಲ್ಲಿನ ಸೆಟ್ಟು ಅಕ್ಕನೇ ಮಾಡಿದ್ದು. ಒಂದು ಕೂದಲೆಳೆಯಷ್ಟು ಸಡಿಲ ಆಗಿಬಿಟ್ಟಿತ್ತು. ‘ಕೊಡಿ ಅಪ್ಪಾ, ಸರಿ ಮಾಡ್ತೀನಿ’ ಅಂದರೆ ಕೊಡಲಿಲ್ಲ. ಯಾವುದಾದರೂ ಇಷ್ಟ ಆಗದಿದ್ದರೆ ನಾಲಿಗೆಯಲ್ಲಿ ಅದನ್ನ ಕೆಳಕ್ಕೆ ಜಗ್ಗಿ ಮತ್ತೆ ಮೇಲೆ ಕೂರಿಸೋರು. ಕ್ಳಕ್. ಬೈಯೋ ಅಗತ್ಯವೇ ಇರಲಿಲ್ಲ. ಅದನ್ನ ಕೇಳಿದ ಕೂಡಲೇ ಅಕ್ಕ ಹೊರಡೋಕೆ ಅಂತ ಬಾಗಿಲ ಹತ್ತಿರ ಇಟ್ಟ ಚಪ್ಪಲಿ ಮತ್ತೆ ಒಳಗಿಡೋಳು.

ಎರಡು ವರ್ಷದ ಹಿಂದೆ ದೊಡ್ಡಪ್ಪ ಹೋದರು. ಆ ಸೆಟ್ಟೂ ಬಾಯಲ್ಲೇ ಇತ್ತು, ಜೊತೆಗೇ ಹೋಯ್ತು.

ಅದಕ್ಕೇ ಅವತ್ತು ರಾತ್ರಿ ಬಾವಿ ಹತ್ತಿರ ಅಕ್ಕ ಹಾಗೆ ನಿಂತುಬಿಟ್ಟಿದ್ದು. ಆದರೂ ಅವಳು ಓಡಲಿಲ್ಲ. ಇನ್ನೂ ಜೋರಾಗಿ ‘ಒಬ್ಬಳೇ’ ಅಂತ ಹೇಳಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ರಾಮಾಯಣ. ಅವಳ ಅಣ್ಣ ಫೋನಿನಲ್ಲಿ ಕೂಗಾಡಿದ, ‘ಒಬ್ಬಳೇ ಹೋಗಿ ಏನು ಕಡಿದು ಕಟ್ಟೆ ಹಾಕ್ತೀಯ? ನೀರು ಮೇಲಿಂದ ಕೆಳಗೆ ಬೀಳುತ್ತೆ, ಅಷ್ಟೇ ತಾನೆ!’ ಅವನು ಅಲ್ಲಿಗೆ ಗೆಳೆಯರ ಜೊತೆ ನಾಲ್ಕು ಸಲ ಹೋಗಿ ಬಂದವನು, ಗೊತ್ತಾ? ದೊಡ್ಡಮ್ಮ ಬೇರೆ ಮೊರ ಕೆಳಗಿಟ್ಟು, ‘ಒಬ್ಬಳನ್ನೇ ನಾನು ಕಳಿಸಲ್ಲ’ ಅಂದಳು.

‘ಕಳಿಸೋಕೆ ನಾನೇನು ಪಾರ್ಸಲ್ಲಾ?’ ಅಂದಳು ಅಕ್ಕ. ‘ನಾನೇ ಹೋಗ್ತಿರೋದು. ಒಂದು ಸಲ. ಆ ನೀರಿನ ಮುಂದೆ ನಾನೊಬ್ಬಳೇ ನಿಲ್ಲಬೇಕು. ನನ್ನ ಪಕ್ಕದಲ್ಲಿ ಯಾರೂ ಇರಬಾರದು. ಅಷ್ಟು ಸಿಕ್ಕರೆ ಸಾಕು, ಆಮೇಲೆ ಸತ್ತರೂ ಚಿಂತೆ ಇಲ್ಲ.’

ಬುಧವಾರ ಬೆಳಿಗ್ಗೆ ದೊಡ್ಡಮ್ಮ ಜಗಳ ಆಡಲಿಲ್ಲ. ಅಕ್ಕ ಚಪ್ಪಲಿ ಹಾಕ್ಕೊಳ್ತಿದ್ದಾಗ ಒಳಗೆ ಗೋಡೆ ಕಡೆ ಮುಖ ಮಾಡಿ, ದೊಡ್ಡಪ್ಪನ ಫೋಟೋ ಮುಂದೆ ನಿಂತು, ತುಂಬಾ ಮೆಲ್ಲಗೆ ಏನೋ ಹೇಳ್ತಿದ್ದಳು.

‘ಏನಮ್ಮಾ?’

‘ಏನಿಲ್ಲ ಕಣೇ. ಹುಷಾರು.’

ಬಸ್ಸು ತುಂಬಿ ತುಳುಕ್ತಿತ್ತು. ಅಕ್ಕನಿಗೆ ಕಿಟಕಿ ಸೀಟು. ಪಕ್ಕದ ಸೀಟು ಖಾಲಿ. ಒಬ್ಬ ಹೆಂಗಸು ಮಗು ಎತ್ತಿಕೊಂಡು ಬಂದಳು, ಸೀಟು ನೋಡಿದಳು, ‘ಪರವಾಗಿಲ್ಲ, ನೀವು ಕೂತ್ಕೊಳ್ಳಿ’ ಅಂತ ಹೇಳಿ ನಿಂತೇ ಇದ್ದಳು. ಎರಡು ಗಂಟೆ ದಾರಿ! ಎಂಥ ಮರ್ಯಾದಸ್ಥೆ ಅಂದುಕೊಂಡಳು ಅಕ್ಕ.

ಲಾಡ್ಜಿನ ಮ್ಯಾನೇಜರು ಎದ್ದು ನಿಂತು, ‘ಬನ್ನಿ, ನೀವು ಮೇಲಿನ ರೂಮಿಗೆ ಹೋಗಿ’ ಅಂದ. ರೂಮಿನಲ್ಲಿ ಎರಡು ಟವೆಲ್, ಎರಡು ಲೋಟ. ‘ಒಂದು ಸಾಕು’ ಅಂದಳು ಅಕ್ಕ. ಮ್ಯಾನೇಜರು ಅವಳ ಭುಜದ ಹಿಂದೆ ನೋಡಿದ. ಸ್ವಲ್ಪ ಹೊತ್ತು ನೋಡಿದ. ಆಮೇಲೆ, ‘ನೀವು ಹೇಗೆ ಹೇಳ್ತೀರೋ ಹಾಗೆ’ ಅಂದ.

ಹೋಟೆಲಿನಲ್ಲಿ ಸರ್ವರ್ ಇವಳ ಆರ್ಡರ್ ಬರಕೊಂಡು ಎದುರಿನ ಖಾಲಿ ಕುರ್ಚಿ ಕಡೆ ತಿರುಗಿ ಪೆನ್ ಹಿಡಿದು ನಿಂತ. ‘ಅಷ್ಟೇ’ ಅಂದಳು ಅಕ್ಕ. ಅವನು ಗೊಣಗಿಕೊಂಡು ಹೋದ. ಆಗಲೂ ಅವಳಿಗೆ ಹೊಳೆಯಲಿಲ್ಲ. ಹೇಗೆ ಹೊಳೆಯುತ್ತೆ? ನೀವು ಅಂದರು, ನೀವು ಅಂದರೆ ಮರ್ಯಾದೆ. ಮೊದಲ ಸಲ ಒಬ್ಬಳೇ ಹೊರಟವಳು, ಎಲ್ಲರೂ ಮರ್ಯಾದೆ ಕೊಡ್ತಿದ್ದಾರೆ ಅಂತ ಬೀಗ್ತಾ ಇದ್ದಳು ಪಾಪ.

ಗುರುವಾರ ಬೆಳಿಗ್ಗೆ ಹತ್ತು ಗಂಟೆ. ಚುರುಕು ಬಿಸಿಲು. ಮೇಲಿನ ಕಟ್ಟೆಯಿಂದ ಜಲಪಾತ ನೋಡಿದಳು. ಅಲ್ಲಿ ಬರೀ ಗದ್ದಲ, ಫೋಟೋ, ಐಸ್‌ಕ್ರೀಮು. ಅವಳಿಗೆ ಬೇಕಾದದ್ದು ಕೆಳಗೆ. ಐನೂರು ಮೆಟ್ಟಿಲು ಇಳಿದರೆ ನೀರು ಬೀಳೋ ಜಾಗ. ಅಲ್ಲಿಗೆ ಹೆಚ್ಚು ಜನ ಇಳಿಯಲ್ಲ. ಮೆಟ್ಟಿಲ ಬಾಯಲ್ಲಿ ಒಂದು ಬೋರ್ಡು: ‘ಒಂಟಿಯಾಗಿ ಬರುವವರಿಗೆ ಪ್ರವೇಶವಿಲ್ಲ.’

ಅದು ಅವಳಿಗೆ ಮೊದಲೇ ಗೊತ್ತಿತ್ತು. ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಜಗಳಕ್ಕೆ ತಯಾರಾಗೇ ಬಂದಿದ್ದಳು. ಸೆರಗು ಸಿಕ್ಕಿಸಿಕೊಂಡು ಗಾರ್ಡಿನ ಮುಂದೆ ನಿಂತಳು. ಅವನು ಸೀಟಿ ಬಾಯಿಂದ ತೆಗೆದು, ‘ಹೋಗಿ’ ಅಂದ.

ಅಕ್ಕನಿಗೆ ಪಿಚ್ಚೆನಿಸಿತು. ‘ಬೋರ್ಡು ಹೀಗಿದೆಯಲ್ಲ?’

‘ಅದು ಒಬ್ಬರೇ ಬರೋರಿಗೆ. ನೀವು ಇಬ್ಬರಿದ್ದೀರಲ್ಲ, ಹೋಗಿ. ಆದರೆ ನಿಮ್ಮ ಹಿರಿಯರಿಗೆ ಹೇಳಿ, ಮೆಟ್ಟಿಲು ಜಾರುತ್ತೆ.’

ನೀವು ಇಬ್ಬರು...

ಆಗ ಎಲ್ಲಾ ‘ನೀವು’ಗಳೂ ಒಂದೊಂದಾಗಿ ವಾಪಸ್ ಬಂದವು. ಬಸ್ಸಿನ ಹೆಂಗಸಿನದು. ಮ್ಯಾನೇಜರಿನದು. ಯಾರೂ ಅವಳಿಗೆ ಮರ್ಯಾದೆ ಕೊಟ್ಟಿರಲಿಲ್ಲ. ತಲೆ ಎಣಿಸಿದ್ದರು, ಅಷ್ಟೇ. ನಮ್ಮ ಮಾತಿನಲ್ಲಿ ಒಂದು ತಲೆಗೂ ನೀವು, ಎರಡು ತಲೆಗೂ ನೀವು. ಹೇಗೆ ಗೊತ್ತಾಗಬೇಕು?

ಹೆದರಿಕೆ ಆಗಲಿಲ್ವಾ ಅಂತ ನಾನು ಕೇಳಿದೆ. ‘ಹೆದರಿಕೆನಾ?’ ಅಂದಳು. ‘ಮೈಯೆಲ್ಲಾ ಉರಿದುಹೋಯ್ತು ಕಣೇ.’

ಇಳಿಯೋಕೆ ಶುರು ಮಾಡಿದಳು. ಹಿಂದೆ ತಿರುಗಲಿಲ್ಲ. ಮೆಟ್ಟಿಲು ಎಣಿಸ್ತಾ ಇಳಿದಳು. ನೂರು. ಇನ್ನೂರು. ನೀರಿನ ಸದ್ದು ಮೊದಲು ‘ಜರ್ರ್’ ಅಂತಿತ್ತು, ಆಮೇಲೆ ‘ಧೋ’ ಅಂತ ಎದೆಗೇ ಬಡಿಯೋಕೆ ಶುರುವಾಯ್ತು. ಪಕ್ಕದಲ್ಲಿ ನಿಂತು ಕಿರುಚಿದರೂ ಕೇಳಲ್ಲ, ಅಂಥ ಸದ್ದು. ಮುನ್ನೂರ ಹನ್ನೆರಡನೇ ಮೆಟ್ಟಿಲು...

ಕ್ಳಕ್.

ಅಷ್ಟು ಭೋರ್ಗರೆತದ ಒಳಗಿಂದ, ಸ್ಪಷ್ಟವಾಗಿ, ಎರಡು ಮೆಟ್ಟಿಲು ಮೇಲಿಂದ. ಮೇಲಿನ ಸೆಟ್ಟು. ಎಡಗಡೆ ಸಡಿಲ. ಅವಳೇ ಮಾಡಿದ್ದು.

ಅಕ್ಕ ತಿರುಗಿದಳು. ಯಾರೂ ಇಲ್ಲ. ಒದ್ದೆ ಕಲ್ಲು, ಕಂಬಿ, ಬಿಸಿಲು.

ಆ ಮನೆಯಲ್ಲಿ ಅಮ್ಮನಿಗೆ ಏಕವಚನ, ಅಪ್ಪನಿಗೆ ಬಹುವಚನ. ಹುಟ್ಟಿದಾಗಿನಿಂದ ಅಕ್ಕ ಅವರಿಗೆ ಒಂದು ಸಲವೂ ನೀನು ಅಂದಿರಲಿಲ್ಲ. ಜ್ವರ ಬಂದು ಬಡಬಡಿಸುವಾಗಲೂ ‘ಅಪ್ಪಾ ನೀವು’ ಅಂತಲೇ ಅಂದವಳು. ಅವತ್ತು ಅವಳ ಬಾಯಿಂದ ಬಂದದ್ದು ಅವಳಿಗೇ ಗೊತ್ತಾಗಲಿಲ್ಲವಂತೆ.

‘ಏಯ್! ನೀನು! ನೀನೇ! ಸತ್ತ ಮೇಲೂ ಬಿಡಲ್ವಾ ನನ್ನನ್ನ? ಇದು ನನ್ನ ದಿನ! ನನ್ನದು! ಒಂದು ಮೆಟ್ಟಿಲು ಇಳಿದರೆ ನೋಡು! ಕೂತ್ಕೋ ಅಲ್ಲೇ! ನಾನು ಹೋದ ಮೇಲೂ ಅಲ್ಲೇ ಕೂತಿರು!’

ಗಂಟಲು ಹರಿದುಹೋಗೋ ಹಾಗೆ ಕೂಗಿದಳು. ನೀರಿನ ಸದ್ದಿಗೆ ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಆದರೆ ಅವರಿಗೆ ಕೇಳಿಸಿತು.

ಹೇಗೆ ಗೊತ್ತು ಅಂದರೆ... ಆಮೇಲೆ ಕ್ಳಕ್ ಬರಲಿಲ್ಲ.

ಉಳಿದ ಮೆಟ್ಟಿಲು ಇಳಿದಳು. ಕೆಳಗೆ ಯಾರೂ ಇರಲಿಲ್ಲ. ಬಂಡೆ, ನೀರು, ಅವಳು. ಮುಖದ ಮೇಲೆ ನೀರಿನ ಹುಡಿ. ಮುಕ್ಕಾಲು ಗಂಟೆ ಅಲ್ಲೇ ನಿಂತಳಂತೆ. ಅತ್ತಳಂತೆ, ಸಿಟ್ಟಿಗೆ ಅತ್ತೆನೋ ಸಂತೋಷಕ್ಕೆ ಅತ್ತೆನೋ ಗೊತ್ತಿಲ್ಲ ಅಂದಳು. ಬೇಕಾದದ್ದು ಸಿಕ್ಕಿತ್ತು.

ಹತ್ತುವಾಗ ಮುನ್ನೂರ ಹತ್ತನೇ ಮೆಟ್ಟಿಲನ್ನ ಅಂಚಿನಲ್ಲಿ ದಾಟಿದಳು, ಕೂತವರ ಕಾಲು ತುಳಿಯಬಾರದು ಅನ್ನೋ ಹಾಗೆ. ಮೇಲೆ ಗಾರ್ಡು ಕೇಳಿದ, ‘ಒಬ್ಬರೇ ಬಂದ್ರಲ್ಲಾ? ಹಿರಿಯರು?’

‘ಕೂತಿದ್ದಾನೆ’ ಅಂದಳು ಅಕ್ಕ.

ಆಮೇಲೆ ಎರಡು ದಿನ ಅವಳದೇ ರಾಜ್ಯ. ತೂಗುಸೇತುವೆ ಮೇಲೆ ಬೇಕಂತಲೇ ಕುಣಿದಳು. ಗುಹೆಯೊಳಗೆ ತನ್ನ ಹೆಸರು ಕೂಗಿದಳು. ದೋಣಿಯವನು, ‘ಒಬ್ಬರೇನಾ? ಒಬ್ಬರಿಗೆಲ್ಲ ದೋಣಿ ಬಿಡಲ್ಲಮ್ಮಾ, ಇನ್ನೂ ಜನ ಬರಲಿ’ ಅಂತ ಮುಖ ಸಿಂಡರಿಸಿದ. ಬೇರೆ ದಿನವಾಗಿದ್ದರೆ ಅವನ ನೀರಿಳಿಸಿಬಿಡ್ತಿದ್ದಳು. ಅವತ್ತು ಅವನನ್ನ ತಬ್ಬಿಕೊಳ್ಳೋದೊಂದು ಬಾಕಿ. ‘ಇನ್ನೊಂದು ಸಲ ಹೇಳಿ, ಎಷ್ಟು ಜನ?’ ಅಂತ ಕೇಳಿದಳಂತೆ. ಇದಕ್ಕೆ ಬೇಕಾದರೆ ನಗಿ.

ಶನಿವಾರ ಮಧ್ಯಾಹ್ನ ಮನೆ ಬಾಗಿಲು ತಟ್ಟಿದಳು. ದೊಡ್ಡಮ್ಮ ತೆಗೆದಳು. ಮಗಳ ಮುಖ ನೋಡಲಿಲ್ಲ. ಹೇಗಿತ್ತೇ ಅಂತ ಕೇಳಲಿಲ್ಲ. ಅವಳ ಹಿಂದೆ ನೋಡಿದಳು, ಗೇಟಿನವರೆಗೂ ನೋಡಿದಳು. ಆಮೇಲೆ ಪಿಸುಗುಟ್ಟಿದಳು.

‘ಅವರೆಲ್ಲೇ?’

ಅಕ್ಕನಿಗೆ ಅರ್ಥ ಆಯ್ತು. ಬ್ಯಾಗು ಕೈಯಿಂದ ಜಾರಿತು. ‘ನೀನೇನಾ ಕಳಿಸಿದ್ದು?’

‘ಒಬ್ಬಳನ್ನೇ ಕಳಿಸಲ್ಲ ಅಂದಿರಲಿಲ್ವಾ? ಎಲ್ಲಿ ಬಿಟ್ಟು ಬಂದೆ?’

‘ಮೆಟ್ಟಿಲ ಮೇಲೆ.’

‘ಎಷ್ಟನೇ ಮೆಟ್ಟಿಲು?’

ನೋಡಿ, ಇದು. ಎಷ್ಟನೇ ಮೆಟ್ಟಿಲು ಅಂತ ಕೇಳಿದಳು! ಮಗಳು ಊಟ ಮಾಡಿದಳಾ, ನಿದ್ದೆ ಮಾಡಿದಳಾ, ಏನೂ ಇಲ್ಲ. ಅಕ್ಕ ಸಂಖ್ಯೆ ಹೇಳಿದಳು. ಬ್ಯಾಗು ಬಿಚ್ಚಲೇ ಇಲ್ಲ. ಅದೇ ಬ್ಯಾಗು ಎತ್ತಿಕೊಂಡು ಬಂದು, ಲ್ಯಾಬಿನ ಹಿಂದೆ ಒಂದು ರೂಮು ಹಿಡಿದಳು. ಈಗಲೂ ಅಲ್ಲೇ ಇದ್ದಾಳೆ. ಒಂದು ಕೋಣೆ, ಒಂದು ಕುರ್ಚಿ. ಎರಡನೇ ಕುರ್ಚಿ ತರಲ್ಲ, ನಾನು ಹೋದರೆ ನೆಲದ ಮೇಲೆ ಕೂರಬೇಕು.

ದೊಡ್ಡಮ್ಮ ಭಾನುವಾರ ಬೆಳಿಗ್ಗೆ ಹೊರಟಳು. ಅರವತ್ತಾರು ವರ್ಷ. ಪಕ್ಕದ ಬೀದಿಗೆ ಸೊಪ್ಪು ತರೋಕೂ ಜೊತೆ ಹುಡುಕೋ ಹೆಂಗಸು, ಯಾರನ್ನೂ ಕೇಳದೆ, ಒಬ್ಬಳೇ, ಆರರ ಬಸ್ಸು ಹತ್ತಿದಳು. ಯಾರೂ ತಡೆಯಲಿಲ್ಲ. ಗಂಡನನ್ನ ಕರೆತರೋಕೆ ಹೋಗೋಳನ್ನ ಯಾರು ತಡೀತಾರೆ?

ಮಂಗಳವಾರ ನಾನು ಆ ಮನೆಗೆ ಹೋಗಿದ್ದೆ. ಅಕ್ಕನ ಬಟ್ಟೆ ತರೋಕೆ. ಮಧ್ಯಾಹ್ನ ಎರಡೂವರೆ, ಕಣ್ಣು ಕುಕ್ಕೋ ಬಿಸಿಲು. ಗೇಟಿನ ಹತ್ತಿರ ನಿಂತಿದ್ದೆ. ಬೀದಿ ಕೊನೆಯಿಂದಲೇ ದೊಡ್ಡಮ್ಮನ ಧ್ವನಿ ಕೇಳಿಸಿತು. ಬೈತಾ ಬರ್ತಿದ್ದಳು. ‘ಮಗಳು ಒಂದು ಮಾತು ಅಂದಳು ಅಂತ ಅಲ್ಲೇ ಕೂತುಬಿಡೋದಾ? ಮಂಡಿ ನೋವು ಅಂತ ಮನೇಲಿ ನರಳೋರು, ಆ ಒದ್ದೆ ಕಲ್ಲಿನ ಮೇಲೆ? ನಿಮಗೆ ಸ್ವಲ್ಪನಾದರೂ...’ ಪಕ್ಕಕ್ಕೆ ಮುಖ ಮಾಡಿ ಬೈತಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ವಯಸ್ಸಾಯ್ತು, ತಲೆ ಕೆಟ್ಟಿದೆ ಅಂತೀರಿ. ಅನ್ನಿ. ನಾನೂ ಅವತ್ತು ಹಾಗೇ ಅಂದುಕೊಂಡು ಸುಮ್ಮನಾಗ್ತಿದ್ದೆ.

ಆದರೆ ಅವಳ ಕೈಯಲ್ಲಿ ಒಂದು ಚೀಲ ಇತ್ತು. ಎರಡು ಹಿಡಿಯ ಬಟ್ಟೆ ಚೀಲ, ತುಂಬಾ ಭಾರ ಇತ್ತು, ತಳ ಜೋಲ್ತಿತ್ತು. ದೊಡ್ಡಮ್ಮ ಹಿಡಿದಿದ್ದು ಒಂದೇ ಹಿಡಿ. ನಾನು ಆಣೆ ಮಾಡಿ ಹೇಳ್ತೀನಿ, ಎರಡು ಕಣ್ಣಲ್ಲಿ ನೋಡಿದೀನಿ. ಇನ್ನೊಂದು ಹಿಡಿ ಕೆಳಗೆ ಬಿದ್ದಿರಲಿಲ್ಲ. ಬಿಗಿಯಾಗಿ ಮೇಲಕ್ಕೆ ನಿಂತಿತ್ತು. ಚೀಲ ಒಂದು ಕಡೆಗೂ ವಾಲದೆ, ಸಮವಾಗಿ ಬರ್ತಿತ್ತು.

ನಾನು ಗೇಟು ಪೂರ್ತಿ ತೆಗೆದೆ.