ಅಪರೂಪದ ರೋಗಿಯ ಹೆಂಡತಿ ಆಡಿದ ಎರಡು ಮಾತು

ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೇ, ಪ್ರಶಸ್ತಿ ಪಡೆದು ಹಾರದೊಳಗೆ ಅರ್ಧ ಮುಳುಗಿರುವ ಮೂತ್ರರೋಗ ತಜ್ಞರೇ, ಆಸ್ಪತ್ರೆಯ ಬಂಧುಗಳೇ, ಸಭಿಕರೇ,

ರೋಗಿಯ ಕಡೆಯಿಂದ ಕೃತಜ್ಞತೆಯ ಎರಡು ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಕೃತಜ್ಞತೆ ಇದೆ. ನನ್ನ ಯಜಮಾನರ ಮೂತ್ರಕೋಶದ ಕ್ಯಾನ್ಸರನ್ನು ವಾಸಿ ಮಾಡಿದವರು ಈ ಡಾಕ್ಟರೇ. ಬಲ ಕುಂದಿಸಿದ ಕ್ಷಯದ ಜೀವಾಣುಗಳನ್ನು ಮೂತ್ರಕೋಶದೊಳಗೆ ಬಿಟ್ಟು, ಮೈಯ ರಕ್ಷಣಾಶಕ್ತಿಯನ್ನು ಕೆರಳಿಸಿ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ವಿದ್ಯೆ. ಒಳ್ಳೆಯ ವಿದ್ಯೆ. ಆದರೆ ಆ ಜೀವಾಣುಗಳಿಗೆ ಅಷ್ಟು ಜಾಗ ಸಾಲಲಿಲ್ಲ.

ಜ್ವರ ಬಂತು. "ಈ ಔಷಧಿಗೆ ಅದು ಸಹಜ ಅಮ್ಮ" ಎಂದರು. ಹಾಸಿಗೆ ತೊಯ್ಯುವಷ್ಟು ಬೆವರು. "ಫ್ಯಾನ್ ಹಾಕಿ" ಎಂದರು. ಉಸಿರು ಕಟ್ಟತೊಡಗಿತು. "ಸಾರ್, ಆ ಔಷಧಿ ಎದೆಗೇನಾದ್ರೂ ಏರಿರಬಹುದಾ?" ಎಂದು ಕೇಳಿದೆ. ಡಾಕ್ಟರು ನಕ್ಕರು. ಎಂಥ ನಗು! "ಅದು ತೀರಾ ಅಪರೂಪ. ಸುಮ್ನೆ ಗಾಬರಿ ಆಗ್ಬೇಡಿ."

ಅಪರೂಪ ಎಂದರೆ ಏನರ್ಥ, ಸಭಿಕರೇ? ಯಾರಿಗೂ ಬರುವುದಿಲ್ಲ ಎಂದೇ? ಯಾರೋ ಒಬ್ಬರಿಗೆ ಬಂದೇ ಬರುತ್ತದೆ ಎಂದಲ್ಲವೇ? ಆ ಒಬ್ಬರು ನಮ್ಮ ಮನೆಯವರಾಗಿರಲಾರರೆಂದು ಇವರಿಗೆ ಹೇಳಿದವರು ಯಾರು?

ನನ್ನವರು ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದರು. ಮದುವೆಯಾದ ಹೊಸತರಲ್ಲಿ "ಈ ಮನೇಲಿ ನಾನಿರ್ಬೇಕು, ಇಲ್ಲಾ ಅದಿರ್ಬೇಕು" ಎಂದು ಕೂಗಾಡಿದ್ದೆ. ಯೋಚಿಸಲು ಒಂದು ವಾರ ಕೇಳಿದರು ಮಹಾರಾಯರು! ನಗಿ, ಪರವಾಗಿಲ್ಲ. ಈಗ ಅದು ಬೀರುವಿನ ಮೇಲೆ ಸುಮ್ಮನೆ ಕೂತಿದೆ. ನಾನೇ ಒರೆಸಿ ಹೊಳಪು ಮಾಡಿಡುತ್ತೇನೆ. ಯಾಕೋ ಗೊತ್ತಿಲ್ಲ. ಇರಲಿ.

ಅವರು ಕುಸಿದು ಬಿದ್ದಾಗ ಬೇರೆ ಆಸ್ಪತ್ರೆಗೆ ಒಯ್ದೆ. ಅಲ್ಲಿಯ ಎದೆರೋಗದ ವೈದ್ಯೆ ಹಳೆಯ ಚೀಟಿಗಳನ್ನು ನೋಡಿ ಮೊದಲು ಕೇಳಿದ್ದೇ, "ಮೂತ್ರಕೋಶಕ್ಕೆ ಏನ್ ಔಷಧಿ ಹಾಕಿದ್ರು?" ಎಂದು. ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳ ತುಂಬ ಸಾಸಿವೆ ಎರಚಿದಂತೆ ಚುಕ್ಕೆಗಳು, ಯಕೃತ್ತಿಗೂ ಹಬ್ಬಿತ್ತು. ಕ್ಷಯದ ಮಾತ್ರೆ, ಸ್ಟೀರಾಯ್ಡ್ ಎಲ್ಲ ಆಯಿತು. ಜೀವ ಪೂರ್ತಿ ಉಳಿಯಿತು, ಉಸಿರು ಅರ್ಧ ಉಳಿಯಿತು.

ನಮ್ಮ ಡಾಕ್ಟರು ಆ ಚಿತ್ರ ತರಿಸಿಕೊಂಡು ಪ್ರಬಂಧ ಬರೆದರು: 'ಅತ್ಯಪರೂಪದ ಪ್ರಕರಣ'. ಅದಕ್ಕೇ ಈ ಪ್ರಶಸ್ತಿ. ಈಗಷ್ಟೇ ಆ ಎದೆಯನ್ನು ಪರದೆಯ ಮೇಲೆ ಬಾಗಿಲಷ್ಟು ದೊಡ್ಡದಾಗಿ ತೋರಿಸಿದರು. ನೀವು ಚಪ್ಪಾಳೆ ತಟ್ಟಿದಿರಿ.

ಸಭೆ ಶುರುವಾಗುವ ಮುಂಚೆ ಇದೇ ಡಾಕ್ಟರು ಬಾಗಿಲಲ್ಲಿ ನನ್ನ ಯಜಮಾನರ ಕೈ ಕುಲುಕಿ ಕೇಳಿದರು: "ತಾವು ಯಾರ ಕಡೆಯವರು?"

ಮೆಟ್ಟಿಲು ಹತ್ತಿ ಬಂದಿದ್ದ ಅವರಿಗೆ ಉತ್ತರಿಸಲು ಉಸಿರಿರಲಿಲ್ಲ. ನಾನು ಹೇಳುತ್ತೇನೆ. ಡಾಕ್ಟರೇ, ಕೊನೆಯ ಸಾಲು, ಕಿಟಕಿಯ ಪಕ್ಕದ ಕುರ್ಚಿ ನೋಡಿ. ಅವರು ಆ ಎದೆಯ ಕಡೆಯವರು.

ರೀ, ನೀವು ಏಳ್ಬೇಡಿ, ಕೂತಿರಿ. ಡಾಕ್ಟರು ಏಳಲಿ.

ಮೈಕು ಕಿತ್ತುಕೊಳ್ಳದೆ ಇಷ್ಟು ಹೊತ್ತು ಸಹಿಸಿದ ಸಂಘಟಕರಿಗೆ ವಂದನೆಗಳು. ನಮಸ್ಕಾರ.